ಗೇರ್‌ಬಾಕ್ಸಿಗೆ ಶೀತವಾದ ಸಂಗತಿ

ಗಾಡಿ ನಿಂತ ಕೂಡಲೇ ನನ್ನ ಬಲಗೈ ತಾನಾಗಿ ಕೀಲಿಯ ಕಡೆಗೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ, ರೊಟ್ಟಿಯಂಗಡಿಯ ಮುಂದೆ, ರಸ್ತೆಗೆ ಅಡ್ಡ ಬಂದ ಒಂಟೆಗಳ ಎದುರು, ಎಲ್ಲಿ ನಿಂತರೂ ಸರಿ, ಮೊದಲು ಎಂಜಿನ್ ಆರಿಸುವುದು, ಆಮೇಲೆ ಯಾಕೆ ನಿಂತೆವು ಎಂದು ವಿಚಾರಿಸುವುದು. ಪೆಟ್ರೋಲು ನೆಲದಿಂದ ಉಕ್ಕುವ ದೇಶಕ್ಕೆ ಬಂದು ಅರ್ಧ ಆಯುಷ್ಯ ಕಳೆದರೂ ಈ ಚಾಳಿ ನನ್ನನ್ನು ಬಿಟ್ಟಿಲ್ಲ. ಇಲ್ಲಿನ ಜನ ಎಂಜಿನ್ ಚಾಲೂ ಇಟ್ಟೇ ಅಂಗಡಿಯೊಳಗೆ ಹೋಗಿ, ಸಾಮಾನು ಆರಿಸಿ, ಅಂಗಡಿಯವನ ಮಕ್ಕಳ ಕ್ಷೇಮ ಕೇಳಿ, ಅವನ ಮದುವೆಯ ಕತೆಯನ್ನೂ ಕೇಳಿ ಮುಗಿಸಿ ಬರುತ್ತಾರೆ. ನಾನು ಮಾತ್ರ ಹಸಿರು ದೀಪ ಬಿದ್ದ ಮೇಲೆ ಕೀಲಿ ತಿರುಗಿಸುತ್ತಿರುತ್ತೇನೆ. ಹಿಂದಿನವರು ಹಾರನ್ ಹೊಡೆದು ನನ್ನ ಮಿತವ್ಯಯವನ್ನು ಕೊಂಡಾಡುತ್ತಾರೆ.

ಈ ಚಾಳಿಯ ಮೂಲಪುರುಷ ನನ್ನ ಸೋದರಮಾವ ಉಸ್ಮಾನ್. ಮಂಗಳೂರಿನಿಂದ ಪುತ್ತೂರಿನ ಕಡೆಗೆ ಹಂಚಿನ ಲಾರಿ ಓಡಿಸುತ್ತಿದ್ದವರು. ಶಾಲೆಗೆ ರಜೆ ಬಂದರೆ ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಏರು ಮುಗಿದು ಇಳಿಜಾರು ಕಂಡಿತೋ, ಮಾವ ಬಹಳ ಗಂಭೀರವಾಗಿ ಎಂಜಿನ್ ಆರಿಸಿಬಿಡುತ್ತಿದ್ದರು. ಅದುವರೆಗೆ ಕಿವಿ ತುಂಬಿದ್ದ ಗದ್ದಲ ನಿಂತು ಗಾಳಿಯ ಸದ್ದು ಕೇಳಿಸುತ್ತಿತ್ತು. ಹಿಂದೆ ಹುಲ್ಲಿನ ನಡುವೆ ಅಟ್ಟಿ ಕಟ್ಟಿಟ್ಟ ಹಂಚುಗಳು ಚಳಿಗೆ ಹಲ್ಲು ಕಡಿದ ಹಾಗೆ ಕಟಕಟ ಅನ್ನುತ್ತಿದ್ದವು. ರಸ್ತೆ ಬದಿಯ ಮನೆಯವರು ಅಂಗಳದಲ್ಲಿ ಜಗಳವಾಡುತ್ತಿದ್ದರೆ ಅದರ ಒಂದೆರಡು ವಾಕ್ಯ ನಮಗೂ ಸಿಗುತ್ತಿತ್ತು. ಅಷ್ಟು ದೊಡ್ಡ ಲಾರಿ ಅಷ್ಟು ಮೆತ್ತಗೆ ಇಳಿಯುವುದನ್ನು ನೋಡಿದರೆ ಮಾವ ಅದನ್ನು ಮಲಗಿಸಿಯೇ ಓಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಇಳಿಜಾರಿನಲ್ಲಿ ಉಳಿಸಿದ ಡೀಸೆಲ್ಲಿನ ಲೆಕ್ಕದಲ್ಲಿ ಕೆಳಗಿನ ಹೋಟೆಲಿನಲ್ಲಿ ಇಬ್ಬರಿಗೂ ಗೋಳಿಬಜೆ. ಬ್ರೇಕು ಹಿಡಿಯದೆ ಹೋದರೆ ಗೋಳಿಬಜೆ ತಿನ್ನುವವರು ಯಾರು ಎಂಬ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಎಂಜಿನ್ ಆರಿಸಿದವನು ಜಾಣ, ಉರಿಸಿದವನು ದಡ್ಡ. ಈ ಒಂದೇ ಸೂತ್ರವನ್ನು ಕಟ್ಟಿಕೊಂಡು ನಾನು ಸೌದಿಗೆ ಬಂದೆ. ಅಲ್ ಖರ್ಜಿನಲ್ಲಿ ತೋಟಗಳಿಗೆ ನೀರಿನ ಪೈಪು, ಗೊಬ್ಬರ, ಜಾನುವಾರು ಮೇವು ಮಾರುವ ಒಂದು ಮಳಿಗೆಯಲ್ಲಿ ನನ್ನ ಕೆಲಸ. ಇದೇ ಸೂತ್ರವನ್ನು ನಂಬಿ ಬಂದ ಇನ್ನೂ ಮೂವರು ಇದೇ ಊರಿನಲ್ಲಿ ನನ್ನ ಸ್ನೇಹಿತರು. ನಾವು ನಾಲ್ವರು ಸೇರಿ ಕಳೆದ ಚಳಿಗಾಲದಲ್ಲಿ ಒಂದು ಗೇರ್‌ಬಾಕ್ಸಿಗೆ ಕೊಟ್ಟ ಚಿಕಿತ್ಸೆಯ ವಿವರವನ್ನು ಮುಂದಿನ ತಲೆಮಾರಿನ ತಿಳಿವಳಿಕೆಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಚಳಿಯ ಬಗ್ಗೆ ಎರಡು ಮಾತು. ನಮ್ಮ ಕರಾವಳಿಯವರಿಗೆ ಚಳಿ ಎಂದರೆ ವರ್ಷಕ್ಕೊಮ್ಮೆ ಬರುವ ದೂರದ ನೆಂಟ. ಬಂದದ್ದೇ ನಾಲ್ಕು ದಿನ, ಆದರೆ ಅವನಿಗೆ ಸಲ್ಲುವ ಉಪಚಾರ ನೋಡಬೇಕು. ನನ್ನ ಅಜ್ಜಿ ಕಿವಿ ಮುಚ್ಚುವ ಹಾಗೆ ತಲೆಗೆ ಬೈರಾಸು ಸುತ್ತಿ, ಕೋಳಿಗೂಡಿಗೆ ಗೋಣಿ ಹೊದಿಸಿ, ನಮಗೆಲ್ಲ ಕರಿಮೆಣಸಿನ ಕಷಾಯ ಕುಡಿಸುತ್ತಿದ್ದರು. ಬೇರೆ ಊರಿನವರು ಅದೇ ಹವೆಯಲ್ಲಿ ಫ್ಯಾನು ಹಾಕಿಕೊಂಡು ಮಲಗುತ್ತಾರೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಅಲ್ ಖರ್ಜಿನ ಚಳಿ ಆ ಜಾತಿಯದಲ್ಲ. ಹಗಲಿಡೀ ಬಿಸಿಲು ನಿಂತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಯಾರೋ ನೆಲದ ಕೆಳಗೆ ಮಂಜುಗಡ್ಡೆ ಸುರಿದ ಹಾಗೆ ಆಗುತ್ತದೆ. ಬೆಳಿಗ್ಗೆ ನಲ್ಲಿಯ ನೀರು ಕೈ ಕಚ್ಚುತ್ತದೆ. ಇಲ್ಲಿನ ಡೇರಿಗಳ ಹಸುಗಳು ಮಾತ್ರ ಬಹಳ ಸಂತೋಷದಲ್ಲಿ ಹಾಲು ಕೊಡುತ್ತವೆ. ಉಳಿದವರೆಲ್ಲ ಮೂಗು ಸುರಿಸುತ್ತಾರೆ.

ಈಗ ಗಾಡಿಯ ವಿಚಾರ. ಅದಕ್ಕೂ ಮೊದಲು ನನ್ನ ಹೆಂಡತಿಯ ವಿಚಾರ, ಯಾಕೆಂದರೆ ಗಾಡಿ ಬಂದದ್ದೇ ಅವಳಿಗಾಗಿ.

ಮೈಮೂನಾ ಮದುವೆಗೆ ಮೊದಲು ಪುತ್ತೂರಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ವರ್ಷಾನುವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ನನ್ನ ಡ್ರೈವಿಂಗಿಗೆ ಅಂಕ ಹಾಕುತ್ತಿದ್ದಳು. ಪಾಸಾಗುವಷ್ಟು ಅಂಕ ನನಗೆ ಒಮ್ಮೆಯೂ ಬಿದ್ದಿಲ್ಲ. ಹೆಂಗಸರೂ ಇಲ್ಲಿ ಗಾಡಿ ಓಡಿಸಬಹುದು ಎಂದಾದ ಮೇಲೆ, ಮಕ್ಕಳೆಲ್ಲ ದೊಡ್ಡವರಾಗಿ ಕೈ ಖಾಲಿಯಾದಾಗ, ರಿಯಾದಿಗೆ ಹೋಗಿ ಕಲಿತು ಲೈಸೆನ್ಸ್ ತಂದಳು. ಅದರ ಬೆನ್ನಿಗೇ ಊರಿನ ಆಚೆ ತುದಿಯ ಭಾರತೀಯ ಶಾಲೆಯೊಂದರಲ್ಲಿ ಎಳೆಯರ ತರಗತಿಗೆ ಟೀಚರು ಬೇಕೆಂಬ ಸುದ್ದಿ ಬಂತು. ಹೋಗಿ ಮಾತಾಡಿದಳು, ಕೆಲಸ ಸಿಕ್ಕಿತು. ಒಂದೇ ಷರತ್ತು. ಚಳಿಗಾಲದ ರಜೆ ಮುಗಿದ ಭಾನುವಾರದಿಂದ, ಮಕ್ಕಳು ಬರುವ ಮೊದಲೇ ಟೀಚರು ಶಾಲೆಯಲ್ಲಿರಬೇಕು. ಇಲ್ಲಿ ವಾರ ಶುರುವಾಗುವುದು ಭಾನುವಾರ. ನಮ್ಮ ಕಡೆಗೆ ಶಾಲೆಯ ಬಸ್ಸು ಬರುವುದಿಲ್ಲ. ಬೆಳಗಿನ ನಮಾಜು ಮುಗಿಯುತ್ತಲೇ ಮಳಿಗೆಯ ವ್ಯಾನು ನನ್ನನ್ನು ಅದಕ್ಕೆ ವಿರುದ್ಧ ದಿಕ್ಕಿನ ತೋಟಗಳಿಗೆ ಎತ್ತಿಕೊಂಡು ಹೋಗುತ್ತದೆ. ತಾನಾಗಿ ಬರಲು ಅನುಕೂಲವಿಲ್ಲದಿದ್ದರೆ ಈಗಲೇ ಹೇಳಿಬಿಡಿ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದು ಪ್ರಿನ್ಸಿಪಾಲರು ನಯವಾಗಿ ತಿಳಿಸಿದ್ದರು. ಮೈಮೂನಾ ಅಷ್ಟೇ ನಯವಾಗಿ, ಅನುಕೂಲ ಉಂಟು, ಬರುತ್ತೇನೆ ಎಂದು ಹೇಳಿ ಬಂದಿದ್ದಳು.

ಅನುಕೂಲ ಒದಗಿಸುವ ಹೊಣೆ ನನ್ನ ಮೇಲೆ ಬಿತ್ತು. ನನ್ನ ಕಫೀಲ್, ಅಂದರೆ ನನ್ನನ್ನು ಇಲ್ಲಿಗೆ ಕರೆಸಿಕೊಂಡ ಮಳಿಗೆಯ ಯಜಮಾನರು, ದೊಡ್ಡ ಮನಸ್ಸಿನ ಮುದುಕರು. ರಿಯಾದಿನ ಹರಾಜಿನಿಂದ ಅಮೆರಿಕದ ಒಂದು ಹಳೆಯ ಪಿಕಪ್ಪು ತರಿಸಿ ಕೊಟ್ಟರು. ನಮ್ಮ ಊರಿನ ಹರಾಜೇ ಇಲ್ಲಿಯೂ ಹರಾಜು, ಕೂಗುವ ಭಾಷೆ ಮಾತ್ರ ಬೇರೆ. ಗಾಡಿ ಬಿಳಿ, ಹಿಂದೆ ಹತ್ತು ಕುರಿ ನಿಲ್ಲಿಸುವಷ್ಟು ಜಾಗ, ಮುಂದೆ ಸೋಫಾದಂಥ ಸೀಟು. ಎಲ್ಲಕ್ಕಿಂತ ಮುಖ್ಯವಾಗಿ ಆಟೋಮ್ಯಾಟಿಕ್. ಮೈಮೂನಾ ಕಲಿತದ್ದು ಅದರಲ್ಲೇ. ನಾನು ಅದನ್ನು ಮೊದಲ ದಿನ ಓಡಿಸಿದಾಗ ಕ್ಲಚ್ಚಿಲ್ಲದೆ ನಿರುದ್ಯೋಗಿಯಾದ ನನ್ನ ಎಡಗಾಲು ಏನೂ ತೋಚದೆ ಹೋಗಿ ಬ್ರೇಕನ್ನು ತುಳಿಯಿತು. ಮೈಮೂನಾಳ ಹಣೆ ಮುಂದಿನ ಗಾಜಿಗೆ ತಾಗಿತು. ಆ ದಿನದಿಂದ ಡ್ರೈವರ್ ಸೀಟು ಅವಳದಾಯಿತು.

ಚಳಿ ಶುರುವಾದ ವಾರವೇ ಗಾಡಿ ತನ್ನ ಗುಣ ತೋರಿಸಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಹೊತ್ತಿಕೊಳ್ಳುತ್ತಿತ್ತು. ಸ್ಟೀರಿಂಗಿನ ಪಕ್ಕದ ಕೋಲನ್ನು ಎಳೆದು ‘ಡಿ’ಗೆ ಹಾಕಿದರೆ ಮಾತ್ರ ಗಾಡಿ ಸ್ವಲ್ಪ ಹೊತ್ತು ಆಲೋಚಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತೇ ವಿನಾ ಚಕ್ರ ಹಂದುತ್ತಿರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಧಡಕ್ಕೆಂದು ಹೊರಡುತ್ತಿತ್ತು. ಬಿಸಿಲು ಏರಿದ ಮೇಲೆ ನೋಡಿದರೆ ಇದೇ ಗಾಡಿಯೋ ಅನ್ನಿಸುವಷ್ಟು ಸಾಧು. ಬೆಳಗಿನ ಚಳಿಯಲ್ಲಿ ಏಳಲು ಒಪ್ಪದೆ ಹತ್ತು ಗಂಟೆಗೆ ಲವಲವಿಕೆಯಿಂದ ಓಡಾಡುವವರನ್ನು ನೀವೂ ನಿಮ್ಮ ಮನೆಯಲ್ಲಿ ನೋಡಿರಬಹುದು.

ನನಗೆ ನಿದಾನ ಕೂಡಲೇ ಹೊಳೆಯಿತು. ಗಾಡಿಗೆ ಶೀತವಾಗಿದೆ. ಅಜ್ಜಿಯ ಶಾಸ್ತ್ರದ ಪ್ರಕಾರ ಶೀತಕ್ಕೆ ಹೊದಿಕೆ. ಗಲ್ಫಿನಿಂದ ಊರಿಗೆ ಹೋಗುವವರೆಲ್ಲ ಹೊತ್ತೊಯ್ಯುವ ಆ ಭಾರದ ಕಂಬಳಿ ನಿಮಗೆ ಗೊತ್ತಲ್ಲ, ಮೇಲೆ ಬಾಯಿ ತೆರೆದ ಹುಲಿಯ ಚಿತ್ರವಿರುವುದು. ಅಂಥದ್ದೊಂದನ್ನು ಸಂಜೆ ಬೋನೆಟ್ಟಿನ ಮೇಲೆ ಹೊದಿಸಿ, ನಾಲ್ಕೂ ಅಂಚುಗಳನ್ನು ಮಗುವಿಗೆ ಮಾಡುವ ಹಾಗೆ ಒಳಗೆ ಸಿಕ್ಕಿಸಿ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಬೋನೆಟ್ಟಿನ ಮೇಲೆ ಹುಲಿ, ಹುಲಿಯ ಮೇಲೆ ಪಕ್ಕದ ಮನೆಯ ಬೆಕ್ಕು, ಬೆಕ್ಕಿಗೆ ಒಳ್ಳೆಯ ನಿದ್ದೆ. ಗಾಡಿ ಮಾತ್ರ ಹಿಂದಿನಂತೆಯೇ ಆಲೋಚನೆಯಲ್ಲಿತ್ತು. ಗೇರ್‌ಬಾಕ್ಸ್ ಇರುವುದು ಬೋನೆಟ್ಟಿನ ಕೆಳಗಲ್ಲ, ನಾವು ಕೂರುವ ಸೀಟಿನ ಕೆಳಗೆ ಎಂದು ಆಮೇಲೆ ಯಾರೋ ಹೇಳಿದರು. ಹಲ್ಲುನೋವಿಗೆ ಮೊಣಕಾಲಿಗೆ ಎಣ್ಣೆ ತಿಕ್ಕಿದ ಹಾಗಾಗಿತ್ತು ನನ್ನ ಚಿಕಿತ್ಸೆ.

ಗ್ಯಾರೇಜಿಗೂ ಒಯ್ದೆವು. ನಾವು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, ಮಾ ಫೀ ಮುಷ್ಕಿಲ, ಏನೂ ತೊಂದರೆಯಿಲ್ಲ, ಎಂದು ಕೈ ಕೊಡವಿದ. ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ನೋಡಪ್ಪಾ ಎಂದು ಬಿಟ್ಟು ಬಂದರೆ, ಆ ಪುಣ್ಯಾತ್ಮ ಹೊಸ ಗಾಡಿಗಳ ಜೊತೆ ಇದನ್ನೂ ಒಳಗಿನ ಬೆಚ್ಚನೆಯ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಅಲ್ಲಿ ಅದು ಬೆಳಿಗ್ಗೆಯೂ ಚಿಗರೆಯ ಹಾಗೆ ಹೊರಟಿತಂತೆ. ದೋಷ ಗಾಡಿಯಲ್ಲಲ್ಲ, ಓಡಿಸುವವರಲ್ಲಿ ಎಂದು ಅವನು ತೀರ್ಪು ಕೊಟ್ಟ. ಆ ತೀರ್ಪನ್ನು ಮೈಮೂನಾಳಿಗೆ ಅನುವಾದಿಸಿ ಹೇಳುವ ಧೈರ್ಯ ನನಗಾಗಲಿಲ್ಲ. ಅವಳಿಗೆ ಅರಬ್ಬಿ ನನಗಿಂತ ಚೆನ್ನಾಗಿ ಬರುತ್ತದೆ ಎಂಬುದು ಬೇರೆ ಮಾತು.

ಹೀಗೆ ವೃತ್ತಿಪರರು ಕೈಬಿಟ್ಟ ರೋಗಿಯನ್ನು ಸ್ನೇಹಿತರ ವೈದ್ಯಮಂಡಳಿ ವಹಿಸಿಕೊಂಡಿತು.

ಮಂಡಳಿಯ ಅಧ್ಯಕ್ಷರು ಹಮೀದ್ ಕಾಕ. ನಮ್ಮಲ್ಲಿ ಕಾಕ ಅಂದರೆ ಅಣ್ಣ. ಬಂಟ್ವಾಳದವರು, ಇಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಪ್ರಾಯದಲ್ಲಿ ಸರ್ವಿಸ್ ಬಸ್ಸು ಓಡಿಸಿದವರಾದ್ದರಿಂದ ಚಕ್ರವಿರುವ ಎಲ್ಲದರ ಬಗ್ಗೆ ಅವರ ಮಾತೇ ಕೊನೆ. ಶುಕ್ರವಾರ ಬೆಳಿಗ್ಗೆ ಬಂದವರು ಮೊದಲು ಮಾಡಿದ ಕೆಲಸ ನೀವು ಊಹಿಸಿದ್ದೇ. ಎಂಜಿನ್ ಆರಿಸಿದರು. ಪೆಟ್ರೋಲು ಯಾಕೆ ಸುಮ್ಮನೆ ಸುಡುವುದು ಎಂದು ನಮ್ಮನ್ನು ಗದರಿಸಿದರು. ಆಮೇಲೆ ಬೋನೆಟ್ಟು ಎತ್ತಿ, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದು, ಬಿಸಿಲಿಗೆ ಹಿಡಿದು ನೋಡಿದರು. ಕಡ್ಡಿಯ ಮೇಲಿನ ಗುರುತನ್ನು ದಾಟಿ ಕೆಂಪು ಎಣ್ಣೆ ಮೇಲಕ್ಕೇರಿತ್ತು.

“ಎಂತ ಮಾರಾಯ ಇದು, ಕಂಠದವರೆಗೆ ಉಂಟಲ್ಲ. ಇಷ್ಟು ಕುಡಿದವ ಬೆಳಿಗ್ಗೆ ಏಳುದು ಹೇಗೆ?”

ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಕಾಪುವಿನ ಸದಾನಂದ ಪರಿಹಾರ ಒದಗಿಸಿದ. ಅವನು ಡೇರಿಯೊಂದರಲ್ಲಿ ಹಾಲು ತಣ್ಣಗಿಡುವ ಯಂತ್ರಗಳನ್ನು ನೋಡಿಕೊಳ್ಳುವವನು. ಹಸುಗಳಿಗೆ ಔಷಧಿ ಕುಡಿಸುವ, ಮೊಳಕೈ ಉದ್ದದ ಒಂದು ಹಳೆಯ ಸಿರಿಂಜು ಅವನ ಬಳಿ ಇತ್ತು. ನಮ್ಮ ಮಳಿಗೆಯ ತೆಳ್ಳನೆಯ ಡ್ರಿಪ್ ಪೈಪಿನ ತುಂಡನ್ನು ಅದರ ಮೂತಿಗೆ ಸಿಕ್ಕಿಸಿ, ಕಡ್ಡಿಯ ತೂತಿನಿಂದ ಒಳಗಿಳಿಸಿ, ಹಮೀದ್ ಕಾಕ ಎಣ್ಣೆ ಎಳೆದರು. ಕೆಂಪಗೆ ಬಂತು. ರಕ್ತ ತೆಗೆಯುವುದನ್ನು ನೋಡಲಾಗದವರ ಹಾಗೆ ಭಟ್ಕಳದ ಮುನೀರ್ ಸಾಹೇಬರು ಮುಖ ತಿರುಗಿಸಿದರು. ಸಾಹೇಬರದು ಬಟ್ಟೆ ಅಂಗಡಿ, ಪಕ್ಕದಲ್ಲೇ ಹೊಲಿಗೆಯ ಕೋಣೆ. ಮಾತು ಮೆತ್ತಗೆ, ಮೈಯಲ್ಲಿ ಸದಾ ಅತ್ತರಿನ ಪರಿಮಳ. ಭಾಬಿಯವರು ಚಿಂತೆ ಮಾಡುವುದು ಬೇಡ, ಎಲ್ಲ ಸರಿಯಾಗುತ್ತದೆ ಎಂದು ಅವರು ಬಾಗಿಲ ಕಡೆಗೆ ನೋಡಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಮೈಮೂನಾ ತೆಗೆದ ಎಣ್ಣೆಯನ್ನು ಖಾಲಿ ನೀರಿನ ಬಾಟಲಿಗೆ ತುಂಬಿಸಿ ಬಾಲ್ಕನಿಯಲ್ಲಿಟ್ಟಳು. ನಮ್ಮ ಕಡೆಯ ಹೆಂಗಸರು ಏನನ್ನೂ ಎಸೆಯುವುದಿಲ್ಲ. ಸ್ನೇಹಿತರು ಸಿರಿಂಜನ್ನೂ ನಮ್ಮಲ್ಲೇ ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ ಗಾಡಿ ಇನ್ನೂ ಹೆಚ್ಚು ಹೊತ್ತು ಆಲೋಚಿಸಿತು.

ಇಲ್ಲಿಂದ ಮುಂದಿನದನ್ನು ನಾನು ತುಸು ತಗ್ಗಿದ ಸ್ವರದಲ್ಲಿ ಹೇಳಬೇಕು. ವಾರದ ನಡುವೆ ಮುನೀರ್ ಸಾಹೇಬರು ನಾನಿಲ್ಲದಾಗ ಅಂಗಡಿಗೆ ಹೋಗುವ ದಾರಿಯಲ್ಲಿ ಬಂದು, ಬಹಳ ಸಂಕೋಚದಿಂದ ಬೋನೆಟ್ಟು ಎತ್ತಿ ನೋಡಿ, ಇನ್ನೂ ಸ್ವಲ್ಪ ಜಾಸ್ತಿ ಇದೆ ಎನಿಸಿ ಒಂದಿಷ್ಟು ತೆಗೆದರು. ಎಣ್ಣೆಯ ಬಣ್ಣ ನೋಡಿ ಮನಸ್ಸಾಗಿ, ಹೊಲಿಗೆ ಯಂತ್ರಗಳಿಗೆ ಬೇಕಾಗಬಹುದು ಎಂದು ಜೊತೆಗೇ ಒಯ್ದರು. ಇನ್ನೊಂದು ಬೆಳಿಗ್ಗೆ ಸದಾನಂದ ರಾತ್ರಿ ಪಾಳಿ ಮುಗಿಸಿ ಹೋಗುವಾಗ ಇಳಿದು ನೋಡಿದ. ಎಂಜಿನ್ ಆರಿದ ಗಾಡಿಯಲ್ಲಿ ಕಡ್ಡಿ ಅವನಿಗೂ ಅದನ್ನೇ ಹೇಳಿತು. ಅವನೂ ತೆಗೆದ. ಮತ್ತೊಂದು ದಿನ ನಾನು, ಗೃಹಸ್ಥನಾಗಿ ನನ್ನದೂ ಒಂದು ಸೇವೆ ಇರಲಿ ಎಂದು, ಯಾರಿಗೂ ಹೇಳದೆ ಸಿರಿಂಜು ಹಿಡಿದೆ. ಯಾರು ಏನು ಮಾಡಿದರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರಿಗೂ ತಾನೇ ಗಾಡಿಯನ್ನು ಉಳಿಸಿದೆನೆಂಬ ಹೆಮ್ಮೆ. ಎಲ್ಲವನ್ನೂ ಕಂಡವಳು ಬಾಲ್ಕನಿಯಲ್ಲಿ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ ಮೈಮೂನಾ ಒಬ್ಬಳೇ. ಗಂಡಸರು ಗಾಡಿಯ ವಿಷಯದಲ್ಲಿ ಮಾತಾಡಿಕೊಂಡೇ ಮಾಡುತ್ತಿರಬೇಕು ಎಂದು ಅವಳು ನಂಬಿದ್ದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳಲ್ಲಿ ಅಂಥ ನಂಬಿಕೆ ಉಳಿದಿತ್ತಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಗಾಡಿ ದಿನೇ ದಿನೇ ತತ್ವಜ್ಞಾನಿಯಾಗುತ್ತ ಬಂತು. ಮೈಮೂನಾ ಮಾತು ಕಡಿಮೆ ಮಾಡಿದಳು. ಶಾಲೆಗೆಂದು ಹೊಲಿಸಿದ್ದ ಎರಡು ಹೊಸ ಉಡುಪುಗಳನ್ನು ಇಸ್ತ್ರಿ ಮಾಡಿ ನೇತುಹಾಕಿದ್ದಳು. ಒಂದು ಸಂಜೆ ಅವನ್ನು ತೆಗೆದು ಮಡಚಿ ಕಪಾಟಿನ ಒಳಗಿಟ್ಟದ್ದನ್ನು ನಾನು ನೋಡಿದೆ. ಕೇಳಿದ್ದಕ್ಕೆ, ಧೂಳು ಆಗುತ್ತದೆ ಎಂದಳು. ಧೂಳು ಈ ದೇಶದಲ್ಲಿ ಹೊಸತಲ್ಲ. ನಾನು ಮೆಲ್ಲನೆ, ಬೇಕಾದರೆ ಮಳಿಗೆಯಲ್ಲಿ ಕೇಳಿಕೊಂಡು ಕೆಲವು ದಿನ ನಾನೇ ಬಿಟ್ಟು ಬರುತ್ತೇನೆ ಎಂದೆ.

“ಬಿಟ್ಟು ಬರ್ಲಿಕ್ಕೆ ನಾನು ಪಾರ್ಸೆಲ್ಲಾ?” ಎಂದಳು. “ಇಷ್ಟು ವರ್ಷ ನೀವು ಬಿಟ್ಟದ್ದು ಸಾಕು. ಇದೊಂದು ನಾನೇ ಹೋಗ್ಬೇಕು.”

ನಮ್ಮ ಮನೆಮಾತು ಬ್ಯಾರಿ. ಕನ್ನಡಕ್ಕೆ ತರುವಾಗ ಅವಳ ಮಾತಿನ ಖಾರ ಅರ್ಧ ಇಳಿದಿದೆ, ಓದುವವರು ಸೇರಿಸಿಕೊಳ್ಳಬೇಕು.

ಶಾಲೆ ತೆರೆಯುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ವೈದ್ಯಮಂಡಳಿಯ ಅಂತಿಮ ಸಭೆ ಕರೆದೆ. ಪತ್ತಿರಿ, ಕೋಳಿಸಾರು ಇದೆ ಎಂಬ ಸೂಚನೆಯನ್ನೂ ಕೊಟ್ಟಿದ್ದರಿಂದ ಹಾಜರಿ ಪೂರ್ಣವಾಗಿತ್ತು. ರೋಗ ಕಾಣಿಸಿಕೊಳ್ಳುವ ಹೊತ್ತಿಗೇ ನೋಡಬೇಕೆಂದು ಎಲ್ಲರೂ ನಮಾಜು ಮುಗಿಸಿ, ಸದಾನಂದ ನಿದ್ದೆ ಮುಗಿಸದೆ, ಬಂದಿದ್ದರು. ಬೆಳಕು ಆಗಷ್ಟೇ ಹರಿಯುತ್ತಿತ್ತು. ಹಮೀದ್ ಕಾಕ ತಲೆಗೆ ಮಫ್ಲರ್ ಸುತ್ತಿ ಪೊಟ್ಟಣ ಕಟ್ಟಿದ ಹಾಗೆ ಕಾಣುತ್ತಿದ್ದರು. ಮೈಮೂನಾ ಗಾಡಿ ಚಾಲೂ ಮಾಡಿ ‘ಡಿ’ಗೆ ಹಾಕಿದಳು. ಏನೂ ಇಲ್ಲ. ‘ಆರ್’ಗೆ ಹಾಕಿದಳು. ಹಿಂದಕ್ಕೂ ಇಲ್ಲ. ಎಂಜಿನ್ ಕೂಗಿತು, ಗಾಡಿ ನಿಂತೇ ಇತ್ತು. ನಾಳೆಯ ಈ ಹೊತ್ತಿಗೆ ಅವಳು ಶಾಲೆಯ ದಾರಿಯಲ್ಲಿರಬೇಕಿತ್ತು. ಅವಳು ಗೇರನ್ನು ‘ಪಿ’ಗೆ ಹಾಕಿ, ಕೈಬ್ರೇಕು ಎಳೆದು, ಎಂಜಿನ್ ಬಿಸಿಯಾಗಲಿ ಎಂದು ಕಾಯುತ್ತ ಕೂತಳು.

ಸುಮ್ಮನೆ ನಿಲ್ಲಲಾಗದೆ ನಾನು ಬೋನೆಟ್ಟು ಎತ್ತಿ ಕಡ್ಡಿಗೆ ಕೈ ಹಾಕಿದೆ. ಹಮೀದ್ ಕಾಕ ಬೆಚ್ಚಿಬಿದ್ದರು. ಎಂಜಿನ್ ಓಡುವಾಗ ಯಾರಾದರೂ ಎಣ್ಣೆ ನೋಡುತ್ತಾರಾ, ಮೊದಲು ಆರಿಸಲು ಹೇಳು ಎಂದು ನನ್ನನ್ನು ತಡೆದರು. ನಾನು ಕೂಗಿ ಹೇಳಿದೆ. ಮೈಮೂನಾ ಗಾಜು ಇಳಿಸಿದಳು.

“ಆಫ್ ಮಾಡುದಿಲ್ಲ. ಆಫ್ ಮಾಡಿದ್ರೆ ಪುನಃ ಮೊದಲಿಂದ ಕಾಯ್ಬೇಕು. ನೋಡುದಾದ್ರೆ ಹೀಗೇ ನೋಡಿ.”

ಗಾಜು ಮೇಲೆ ಹೋಯಿತು. ಹಮೀದ್ ಕಾಕ ನನ್ನ ಮುಖ ನೋಡಿದರು. ಹೆಂಡತಿ ಹೇಳಿದ ಮೇಲೆ ನಾನು ಮಾಡುವುದೇನಿದೆ. ಓಡುತ್ತಿದ್ದ ಎಂಜಿನ್ನಿನ ಮೇಲೆ ಬಗ್ಗಿ ಕಡ್ಡಿ ಎಳೆದೆ. ಒರೆಸಿ, ಇಳಿಸಿ, ಮತ್ತೆ ಎಳೆದೆ. ನಾಲ್ಕು ತಲೆಗಳು ಅದರ ಮೇಲೆ ಸೇರಿದವು.

ಕಡ್ಡಿ ಒಣಗಿತ್ತು. ತುದಿಯಲ್ಲಿ ಒಂದು ಕೆಂಪು ಹನಿ, ಅಷ್ಟೇ.

ಸದಾನಂದ ನಂಬಲಿಲ್ಲ. ಅವನೂ ಇಳಿಸಿ ತೆಗೆದ. ಒಣ. ಮುನೀರ್ ಸಾಹೇಬರು ಬಿಸ್ಮಿಲ್ಲಾ ಹೇಳಿ ತೆಗೆದರು. ಅವರಿಗೂ ಒಣ. ಕೊನೆಗೆ ಹಮೀದ್ ಕಾಕ ತಾವೇ ಹೋಗಿ ಮೈಮೂನಾಳ ಬಳಿ, ಒಂದೇ ಒಂದು ಸಲ ಆರಿಸು ಮಗಾ, ಪರೀಕ್ಷೆಗೆ, ಎಂದು ಅರ್ಜಿ ಸಲ್ಲಿಸಿದರು. ಅವಳು ಆರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಕಡ್ಡಿಯಲ್ಲಿ ಎಣ್ಣೆ ಗುರುತಿನವರೆಗೆ ಬಂದು ನಿಂತಿತ್ತು.

ನಾವು ಮಾಡಿದ್ದು ಏನೆಂದು ಆಗ ಸ್ವಲ್ಪ ಸ್ವಲ್ಪವಾಗಿ ಹೊಳೆಯತೊಡಗಿತು. ನಮಗೆಲ್ಲ ಗೊತ್ತಿದ್ದದ್ದು ಊರಿನ ಗಾಡಿಗಳ ಎಂಜಿನ್ ಆಯಿಲ್ ನೋಡುವ ಕ್ರಮ. ಅದನ್ನು ಆರಿಸಿಯೇ ನೋಡಬೇಕು. ಈ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು ಬೇರೆ ಸಂಸಾರ. ಎಂಜಿನ್ ಓಡುವಾಗ ಎಣ್ಣೆಯೆಲ್ಲ ಮೇಲೆ ಹೋಗಿ ತನ್ನ ತನ್ನ ಜಾಗದಲ್ಲಿ ದುಡಿಯುತ್ತಿರುತ್ತದೆ. ಆರಿಸಿದರೆ ಎಲ್ಲ ಕೆಳಗಿಳಿದು, ಕಡ್ಡಿಯ ತುದಿ ಮುಳುಗಿರುವ ತಳದ ತಟ್ಟೆಯಲ್ಲಿ ಸೇರುತ್ತದೆ. ಮದುವೆ ಊಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತ ಬಾಗಿಲಲ್ಲಿ ಗುಂಪಾಗಿರುವಾಗ ಬಂದು, ಅಬ್ಬಾ ಜನ ಜಾಸ್ತಿಯಾಯಿತು ಎಂದು ನಾಲ್ಕು ಜನರನ್ನು ಹೊರಗೆ ಕಳಿಸಿದ ಹಾಗೆ ನಾವು ಎಣ್ಣೆ ತೆಗೆದಿದ್ದೆವು. ಹಳೆಯ ಗಾಡಿಗೆ ಚಳಿಯಲ್ಲಿ ಮೊದಲೇ ಸ್ವಲ್ಪ ಜಡವಿತ್ತು, ಎಣ್ಣೆಯೂ ಬಹುಶಃ ತುಸು ಕಡಿಮೆಯೇ ಇತ್ತು. ಇದ್ದ ಎಣ್ಣೆಯನ್ನೂ ನಾವು ಹೀರಿದ ಮೇಲೆ ಅದು ಏಳುವುದಾದರೂ ಹೇಗೆ. ಬಿಸಿಲೇರಿದ ಮೇಲೆ ಉಳಿದ ಎಣ್ಣೆ ಕಾದು, ಹಿಗ್ಗಿ, ಹೇಗೋ ಮಾನ ಉಳಿಸುತ್ತಿತ್ತು. ಸದಾನಂದ ಗ್ಯಾರೇಜಿನವನಿಗೆ ಫೋನು ಮಾಡಿ ಖಚಿತ ಮಾಡಿಕೊಂಡ. ಬಿಸಿಯಾಗಿ ಓಡುತ್ತಿರುವಾಗಲೇ ನೋಡಬೇಕು, ಆರಿಸಿ ನೋಡಿದವರು ಯಾರು ಎಂದು ಅವನು ಕೇಳಿದನಂತೆ. ಯಾರೋ ದಾರಿಹೋಕರು ಎಂದು ಸದಾನಂದ ಹೇಳಿದ.

ಅಷ್ಟರಲ್ಲಿ ಮೈಮೂನಾ ಒಳಗೆ ಹೋಗಿ ಬಾಲ್ಕನಿಯ ಬಾಟಲಿಗಳನ್ನು ತಂದು ಗಾಡಿಯ ಹಿಂದಿನ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ತರಗತಿಯಲ್ಲಿ ಕದ್ದ ಪೆನ್ಸಿಲುಗಳನ್ನು ಮೇಜಿನ ಮೇಲೆ ಇಟ್ಟು ವಿಚಾರಿಸುವ ಟೀಚರ ಮುಖ ಅವಳದು.

“ಇದು ಹಮೀದ್ ಕಾಕ ತೆಗೆದದ್ದು. ಇದು ಸದಾನಂದ. ಮುನೀರ್ ಸಾಹೇಬರದ್ದು ಅವರ ಅಂಗಡಿಯಲ್ಲಿ ಉಂಟು. ಮತ್ತೆ ಇದು...” ಎಂದು ನನ್ನ ಕಡೆ ತಿರುಗಿದಳು.

ನಾಲ್ವರೂ ಒಬ್ಬರನ್ನೊಬ್ಬರು ನೋಡಿದೆವು.

“ನೀನೂ ತೆಗ್ದಿದ್ದಿಯಾ?” ಎಂದು ಹಮೀದ್ ಕಾಕ ಸದಾನಂದನನ್ನು ಕೇಳಿದರು.

“ನೀವು ತೆಗ್ದದ್ದು ಸಾಕಾಗ್ಲಿಲ್ಲ ಅಂತ ಕಂಡಿತು ಕಾಕ.”

ಮುನೀರ್ ಸಾಹೇಬರು ಕೆಮ್ಮಿ, ತಮ್ಮ ಅಂಗಡಿಯ ಹೊಲಿಗೆ ಯಂತ್ರಗಳು ಈಚೆಗೆ ಬಹಳ ನಯವಾಗಿ ಓಡುತ್ತಿವೆ ಎಂದು ತಿಳಿಸ ಹೊರಟವರು ಅರ್ಧದಲ್ಲೇ ನಿಲ್ಲಿಸಿದರು. ಮೊದಲು ನಕ್ಕವಳು ಮೈಮೂನಾ. ಬಾಯಿಗೆ ದುಪಟ್ಟಾ ಅಡ್ಡ ಹಿಡಿದು, ಗಾಡಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೆಲವು ವಾರಗಳಿಂದ ನಾನು ಆ ನಗುವನ್ನು ಕೇಳಿರಲಿಲ್ಲ. ಹಮೀದ್ ಕಾಕನ ಮಫ್ಲರು ಸಡಿಲಾಗುವಷ್ಟು ನಗೆ ಎಲ್ಲರಿಗೂ ಹಬ್ಬಿತು. ಪತ್ತಿರಿ ತಣ್ಣಗಾಯಿತು, ಯಾರಿಗೂ ಬೇಸರವಾಗಲಿಲ್ಲ.

ತೆಗೆದ ಎಣ್ಣೆಯನ್ನೇ ಹಾಕಬಹುದಲ್ಲ ಎಂದು ನನ್ನೊಳಗಿನ ಉಸ್ಮಾನ್ ಮಾವ ಸೂಚಿಸಿದರು. ನಾನು ಅವರನ್ನು ಸುಮ್ಮನಿರಿಸಿದೆ. ಬಿಡಿಭಾಗದ ಅಂಗಡಿ ತೆರೆದ ಕೂಡಲೇ ಮೂವರೂ ಹೋಗಿ ಹೊಸ ಡಬ್ಬಿಗಳನ್ನು ತಂದರು. ಮಂಡಳಿಯ ಇತಿಹಾಸದಲ್ಲಿ ಮೊದಲ ಸಲ ಎಂಜಿನ್ ಓಡುತ್ತಿರುವಾಗಲೇ ಚಿಕಿತ್ಸೆ ನಡೆಯಿತು. ಆಲಿಕೆ ಹಿಡಿದು ಸ್ವಲ್ಪ ಸ್ವಲ್ಪವೇ ಹುಯ್ಯುವುದು, ಕಡ್ಡಿ ತೆಗೆದು ನೋಡುವುದು, ಮತ್ತೆ ಹುಯ್ಯುವುದು. ಪೆಟ್ರೋಲು ಸುಮ್ಮನೆ ಸುಡುತ್ತಿರುವುದನ್ನು ನೋಡಲಾರದೆ ಹಮೀದ್ ಕಾಕ ಆಗಾಗ ಬೇರೆ ಕಡೆ ಮುಖ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಚೆನ್ನಾಗಿ ಓಡಿತು. ಆದರೆ ಮಧ್ಯಾಹ್ನ ಅದು ಯಾವಾಗಲೂ ಚೆನ್ನಾಗಿಯೇ ಓಡುತ್ತಿತ್ತಲ್ಲ. ನಿಜವಾದ ಪರೀಕ್ಷೆ ಭಾನುವಾರದ ಚಳಿಯಲ್ಲಿ. ಅಂದು ಸಂಜೆ ಆ ಉಡುಪುಗಳಲ್ಲಿ ಒಂದು ಕಪಾಟಿನಿಂದ ಹೊರಬಂದು ಮತ್ತೆ ನೇತಾಡಿತು. ನಾನು ಗಮನಿಸದ ಹಾಗೆ ಇದ್ದೆ.

ಭಾನುವಾರ ಬೆಳಿಗ್ಗೆ ಆ ಚಳಿಗಾಲದ ಅತ್ಯಂತ ಕೆಟ್ಟ ಚಳಿ. ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ನಾನು ಮಳಿಗೆಯ ವ್ಯಾನಿಗೆ ತಡವಾಗಿ ಬರುತ್ತೇನೆಂದು ಹೇಳಿ ಕಳಿಸಿದ್ದೆ. ಕರೆಯದೆಯೇ ಮಂಡಳಿ ಹಾಜರಿತ್ತು. ಹಮೀದ್ ಕಾಕ ಬಸ್ಸಿನ ಕಾಲದವರು. ಹೊರಡದ ಗಾಡಿಗೆ ಅವರಲ್ಲಿ ಒಂದೇ ಕೊನೆಯ ಮದ್ದು, ತಳ್ಳುವುದು. ಆಟೋಮ್ಯಾಟಿಕ್ ಗಾಡಿಯನ್ನು ತಳ್ಳಿ ಎಬ್ಬಿಸಲು ಆಗುವುದಿಲ್ಲ ಎಂದು ಸದಾನಂದ ಗೊಣಗಿದರೂ, ಏನೋ ನಮ್ಮ ಸಮಾಧಾನಕ್ಕೆ ಎಂದು ಅವನೂ ನಿಂತ. ನಾವು ನಾಲ್ವರೂ ಗಾಡಿಯ ಹಿಂದೆ ಸಾಲಾಗಿ ನಿಂತು, ಕಾಲು ಹಿಂದಕ್ಕೆ ಚಾಚಿ, ಸೊಂಟ ಬಗ್ಗಿಸಿ, ಹಲಗೆಗೆ ಅಂಗೈ ಕೊಟ್ಟೆವು. ಎಷ್ಟು ಕಾಯಬೇಕಾಗುತ್ತದೋ ಎಂಬ ಲೆಕ್ಕದಲ್ಲಿ ಆರಾಮವಾಗಿ ಭಾರ ಬಿಟ್ಟು ನಿಂತಿದ್ದೆವು. ಮುಂದೆ ಮೈಮೂನಾ ಕೀಲಿ ತಿರುಗಿಸಿದಳು. ಎಂಜಿನ್ ಹೊತ್ತಿತು. ಕೋಲು ಎಳೆದ ಸದ್ದು ಕೇಳಿಸಿತು.

ಮರುಕ್ಷಣ ನಮ್ಮ ಅಂಗೈಗಳ ಎದುರು ಗಾಡಿ ಇರಲಿಲ್ಲ.

ಯಾರೂ ಬೀಳಲಿಲ್ಲ ಎಂದು ಹೇಳಬಹುದು. ಮುನೀರ್ ಸಾಹೇಬರು ಎರಡು ಹೆಜ್ಜೆ ಓಡಿ ನಿಂತರು. ಸದಾನಂದ ನನ್ನನ್ನು ಹಿಡಿದ, ನಾನು ಹಮೀದ್ ಕಾಕನನ್ನು ಹಿಡಿದೆ, ಅವರು ಚಳಿಯನ್ನು ಹಿಡಿದುಕೊಂಡರು. ಹೇಗಿದ್ದೆವೋ ಹಾಗೆಯೇ, ಸೊಂಟ ಬಗ್ಗಿಸಿ ಕೈ ಮುಂದೆ ಚಾಚಿ ನಿಂತಿದ್ದ ನಮ್ಮ ಎದುರು ಬಿಳಿಯ ಗಾಡಿ ನಿಶ್ಚಿಂತೆಯಿಂದ ಗಲ್ಲಿಯ ತುದಿಯವರೆಗೆ ಹೋಗಿ, ಬಲಕ್ಕೆ ದೀಪ ಹಾಕಿ, ಎರಡೂ ಕಡೆ ನೋಡಿ, ತಿರುಗಿ ಮರೆಯಾಯಿತು. ಧಡಕ್ ಇಲ್ಲ, ಆಲೋಚನೆ ಇಲ್ಲ.

ಸಂಜೆ ನಾನು ಮನೆಗೆ ಬಂದಾಗ ಅವಳು ಮಾತಿನ ಮೂಟೆ ಬಿಚ್ಚಿದಳು. ಮಕ್ಕಳಲ್ಲಿ ಒಬ್ಬ ಅಳುತ್ತ ಬಂದವನು ಹೋಗುವಾಗ ಇವಳ ದುಪಟ್ಟಾ ಬಿಡಲಿಲ್ಲವಂತೆ. ಇನ್ನೊಬ್ಬಳು ಟೀಚರ್ ನಿಮ್ಮ ಲಾರಿ ತುಂಬ ದೊಡ್ಡದಿದೆ ಎಂದಳಂತೆ. ಪ್ರಿನ್ಸಿಪಾಲರಿಗಿಂತ ಮೊದಲೇ ಶಾಲೆ ಮುಟ್ಟಿ, ಗೇಟಿನ ಹೊರಗೆ ಎಂಜಿನ್ ಚಾಲೂ ಇಟ್ಟುಕೊಂಡು ಬೆಚ್ಚಗೆ ಕೂತಿದ್ದಳಂತೆ. ಇದನ್ನು ಕೇಳುವಾಗ ನನ್ನ ಬಲಗೈ ಸ್ವಲ್ಪ ಮಿಡುಕಿತು. ಎಲ್ಲ ಹೇಳಿ ಮುಗಿಸಿ, ಚಹಾದ ಲೋಟ ಕೈಗೆ ಕೊಡುವಾಗ ಅವಳಿಗೆ ಏನೋ ನೆನಪಾಯಿತು.

“ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದೆ. ನಾಲ್ಕೂ ಜನ ಹಾಗೆ ಬಗ್ಗಿ ಕೈ ನೀಡಿ ನಿಂತಿದ್ದಿರಿ. ಕೆಲಸಕ್ಕೆ ಹೋಗುವವರಿಗೆ ಅಷ್ಟು ಮರ್ಯಾದೆ ಎಲ್ಲ ಬೇಡ ಅಂತ ಅವರಿಗೆ ಹೇಳಿ.”

ಹೇಳಬೇಕೆಂದು ಹೊರಟೆ, ಆಗಲಿಲ್ಲ. ಹಮೀದ್ ಕಾಕ ಅಂಗಡಿಗೆ ಬಂದವರಿಗೆಲ್ಲ ಆ ಹೊತ್ತಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಎಣ್ಣೆ ಗಿಣ್ಣೆ ಎಲ್ಲ ನೆಪವಂತೆ, ಸರಿಯಾದ ಹೊತ್ತಿಗೆ ತಾವು ಕೊಟ್ಟ ತಳ್ಳುವಿಕೆಯಿಂದಲೇ ಗಾಡಿ ಹೊರಟಿತಂತೆ.